ಕರಣೆಯಕ್ಕ ಹಿಡಿ ತಿರುಗಿಸಿದ ಮೂರು ಬೆಳಗು

ಸೇತುವೆ ಪಕ್ಕದ ಕಲ್ಲುಕಟ್ಟೆಯನ್ನು ದಿನವೊಂದಕ್ಕೆ ಸರಾಸರಿ ಸೊನ್ನೆ ಬಿಂದು ಮೂರು ಮೂರು ಮಂದಿ ಬಳಸುತ್ತಾರೆ ಎಂದು ನಗರಸಭೆಯ ವರದಿ ಹೇಳಿತು. ಬಿಡಿಸಿ ಹೇಳುವುದಾದರೆ ಮನುಷ್ಯನ ಮೂರರಲ್ಲೊಂದು ಪಾಲು. ಅಳತೆಯ ಅಧಿಕಾರಿ ಮೂರು ದಿನ ಬೆಳಿಗ್ಗೆ ಏಳಕ್ಕೆ ಬಂದು ಎಣಿಸಿದ್ದ. ಮೊದಲನೆಯ ದಿನ ಯಾರೂ ಇರಲಿಲ್ಲ. ಎರಡನೆಯ ದಿನವೂ ಇರಲಿಲ್ಲ. ಮೂರನೆಯ ದಿನ ಒಬ್ಬನಿದ್ದ. ಆ ಒಬ್ಬ ಹಾರೆಮಾವ. ಪಾಯ ಅಗೆಯುವುದು ಅವನ ಕಸುಬು. ಹಾರೆ ಊರಿಕೊಂಡು, ಇವತ್ತು ಜನ ಎಲ್ಲಿ ಸತ್ತರು ಎಂದು ನೋಡುತ್ತ ನಿಂತಿದ್ದ.

ವರದಿಯನ್ನು ಓದಿ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ. "ಮೂರರಲ್ಲಿ ಒಂದು ಪಾಲು ಅಂದ್ರೆ, ನನ್ನಲ್ಲಿ ಯಾವ ಪಾಲು ಹಿಡಿದಿದ್ದಾರಂತೆ?"

"ತಲೆಯಂತೂ ಅಲ್ಲ ಬಿಡು ಮಾವ," ಎಂದಳು ಕರಣೆಯಕ್ಕ. "ತಲೆ ಇದ್ದಿದ್ರೆ ಅವತ್ತು ಬರಬೇಡ ಅಂದಿದ್ದು ನೆನಪಿರ್ತಿತ್ತು."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಈಗ ಕಟ್ಟೆಯ ವಿಷಯ ಹೇಳಬೇಕು. ನದಿ ತಿರುಗುವ ಕಡೆ ಜಲ್ಲಿ ತುಂಬಿದ ದಂಡೆಯೊಂದಿದೆ. ಅದರ ಮೇಲೆ ರಸ್ತೆಗೆ ಅಂಟಿಕೊಂಡಂತೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಉದ್ದ ನೂರಿಪ್ಪತ್ತು ಅಡಿ. ಬೆಳಗಿನ ಐದಕ್ಕೆ ಅಲ್ಲಿ ಜನ ಸೇರತೊಡಗುತ್ತಾರೆ. ಗಾರೆ ಕೆಲಸದವರು, ಅಗೆಯುವವರು, ಬಣ್ಣ ಬಳಿಯುವವರು, ಹೊರುವವರು. ಬಂದವರು ಬಂದ ಹಾಗೆ ತಮ್ಮ ಹತ್ಯಾರನ್ನು ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಆ ಸಾಲೇ ಸರದಿ. ನೀವು ಹೋಗಿ ಚಹಾ ಕುಡಿದು ಬನ್ನಿ, ನಿಮ್ಮ ಸಲಿಕೆ ನಿಮ್ಮ ಪರವಾಗಿ ನಿಂತಿರುತ್ತದೆ. ಯಾರೂ ಅದನ್ನು ಅತ್ತಿತ್ತ ಸರಿಸುವುದಿಲ್ಲ. ಹತ್ಯಾರಿನ ಹಿಡಿ ರಸ್ತೆಯ ಕಡೆಗಿದ್ದರೆ ಅದರ ಒಡೆಯ ಕೆಲಸಕ್ಕೆ ಸಿದ್ಧ. ಕರೆಯುವವನು ಬರುತ್ತಾನೆ, ಏನು ಕೆಲಸ, ಎಷ್ಟು ಎತ್ತರ, ಮಧ್ಯಾಹ್ನ ನೆರಳಿದೆಯೇ ಎಂದು ಇವರು ಕೇಳುತ್ತಾರೆ, ಒಪ್ಪಿದರೆ ಹಿಡಿ ಹಿಡಿದು ಎದ್ದು ಹೋಗುತ್ತಾರೆ.

ಹಿಡಿ ನದಿಯ ಕಡೆಗಿದ್ದರೆ ಒಲ್ಲೆ ಎಂದರ್ಥ. ಮಾತಿಲ್ಲ, ಜಗಳವಿಲ್ಲ. ಕರೆಯಲು ಬಂದವನಿಗೆ ಕಬ್ಬಿಣದ ಮೊನೆಗಳು ಮಾತ್ರ ಕಾಣುತ್ತವೆ. ಹಾರೆಗೆ ಹಿಡಿ ಎಂಬುದಿಲ್ಲದ್ದರಿಂದ ಹಾರೆಮಾವ ತಾನೇ ರಸ್ತೆಗೆ ಬೆನ್ನು ಹಾಕಿ ಕೂರುತ್ತಾನೆ. ಅಷ್ಟಗಲದ ಬೆನ್ನಿಗೆ ಅನುವಾದ ಬೇಕಿಲ್ಲ.

ಈ ಪದ್ಧತಿಯನ್ನು ಶುರು ಮಾಡಿದವಳು ಕರಣೆಯಕ್ಕ. ಕರಣೆ ಎಂದರೆ ಗಾರೆ ಬಳಿಯುವ ತಗಡು; ಮೂವತ್ತೆಂಟು ವರ್ಷದಿಂದ ಅದು ಅವಳ ಬಲಗೈಯ ಆರನೇ ಬೆರಳು. ವಯಸ್ಸು ಐವತ್ತೆಂಟು. ಗಂಡ ಬೇರೆ ಊರಿಗೆ ಕೆಲಸಕ್ಕೆ ಹೋದವನು ಬೇರೆ ಮನೆಯನ್ನೂ ಹೂಡಿದ. ಅವನ ಸುದ್ದಿ ಎತ್ತಿದರೆ "ಗೋಡೆ ಸೊಟ್ಟಗಿದ್ರೆ ಕೆಡವಿಬಿಡಬೇಕು, ಮೇಲೆ ಬಣ್ಣ ಹೊಡೀಬಾರದು" ಎಂದು ಮುಗಿಸುತ್ತಾಳೆ. ಸುಣ್ಣಕ್ಕೆ ಬಿರಿದ ಬೆರಳು, ಯಾರ ಗೋಡೆ ಕಂಡರೂ ಅಂಗೈಯಿಂದ ಸವರಿ ನೋಡುವ ಚಾಳಿ. ನಗರಸಭೆಯ ಅಧ್ಯಕ್ಷರ ಕೋಣೆಗೆ ಮನವಿ ಕೊಡಲು ಹೋದಾಗಲೂ, ಅವರು ಮಾತಾಡುತ್ತಿದ್ದಂತೆ ಹಿಂದಿನ ಗೋಡೆ ಸವರಿ, "ಇಲ್ಲಿ ಟೊಳ್ಳಿದೆ" ಎಂದಿದ್ದಳು. ಅದು ಗೋಡೆಯ ಮಾತೆಂದು ಅಧ್ಯಕ್ಷರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಅವಳ ಜೊತೆ ಇರುವುದು ತಂಗಿ. ತಂಗಿಯೂ ಗಾರೆಯವಳೇ, ಅಕ್ಕನಿಗಿಂತ ಕೈ ಚುರುಕು. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರ ಕೊಳೆತ ಹಗ್ಗದಲ್ಲಿ ಕಟ್ಟಿದ ಸಾರುವೆಯ ಮೇಲೆ ಅವಳನ್ನು ಹತ್ತಿಸಿದ. ಎರಡನೇ ಮಹಡಿಯಿಂದ ಬಿದ್ದಳು. ಸೊಂಟ ಕೂಡಿಕೊಂಡಿತು, ಎಡಗಾಲು ಕೂಡಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ಗುತ್ತಿಗೆದಾರ ಏನೂ ಆಗದವನಂತೆ ಕಟ್ಟೆಗೆ ಬಂದು, "ಗಾರೆಗೆ ಒಬ್ಬಳು ಬೇಕು" ಎಂದ. ಅಕ್ಕ ಕಟ್ಟೆಯ ಮೇಲಿದ್ದ ತನ್ನ ಕರಣೆಯನ್ನು ತಿರುಗಿಸಿ ಹಿಡಿಯನ್ನು ನದಿಯ ಕಡೆಗೆ ಮಾಡಿ ಇಟ್ಟಳು. ಪಕ್ಕದವಳು ನೋಡಿದಳು, ತನ್ನದನ್ನೂ ತಿರುಗಿಸಿದಳು. ಸಾಲು ಪೂರ್ತಿ ತಿರುಗಿತು. ಆ ಮನುಷ್ಯ ಒಂದು ವಾರ ಬಂದ, ಒಂದು ವಾರ ಮೊನೆ ನೋಡಿದ, ಆಮೇಲೆ ಹೊಸ ಹಗ್ಗ ಕೊಂಡುಕೊಂಡ. ಅಂದಿನಿಂದ ಕಟ್ಟೆಯಿಂದ ಕರೆದೊಯ್ಯುವವರು ಸಾರುವೆಯ ಹಗ್ಗವನ್ನು ಮೊದಲು ತೋರಿಸುತ್ತಾರೆ. ಕಾಯಿದೆ ತಂದಿದ್ದಲ್ಲ ಅದು. ಕಾಯಿದೆ ಇತ್ತು, ಕಪಾಟಿನಲ್ಲಿತ್ತು.

ಈ ಕಟ್ಟೆಗೆ ನಗರಸಭೆ ಬೇಲಿ ಹಾಕಲು ಹೊರಟಿತು. ದಂಡೆಯಲ್ಲಿ ವಾಯುವಿಹಾರದ ಹಾದಿ, ಹೂಕುಂಡ, ಬೆಂಚು. ಕೆಲಸ ಕೇಳುವವರಿಗೆ ಹಳೇ ಗೋದಾಮಿನಲ್ಲಿ ನೋಂದಣಿ ಕೋಣೆ. ಅದನ್ನು ನಡೆಸಲು ಒಬ್ಬ ದೊಡ್ಡ ಗುತ್ತಿಗೆದಾರನಿಗೆ ಕೊಟ್ಟಾಗಿತ್ತು. ಹೆಸರು ಬರೆಸಿ, ನಂಬರು ತಗೊಂಡು, ಅವರು ಕಳಿಸಿದ ಕಡೆ ಹೋಗಬೇಕು. ಎರಡು ಸಲ ಒಲ್ಲೆ ಎಂದರೆ ಹೆಸರು ಹೊಡೆದುಹಾಕುತ್ತಾರೆ. ಐವತ್ತೈದು ದಾಟಿದವರ ಹೆಸರನ್ನು ಬರೆಯುವುದೇ ಇಲ್ಲ.

ಕರಣೆಯಕ್ಕನ ಪಾಲಿಗೆ ಇದರ ಅರ್ಥ ಸರಳ. ಕಟ್ಟೆ ಹೋದರೆ ಅವಳ ಕೈಗೆ ಇನ್ನು ಗೋಡೆಯಿಲ್ಲ.

ಮೂರರಲ್ಲೊಂದು ಪಾಲು ಮನುಷ್ಯನ ಕತೆಗೆ ಬರುತ್ತೇನೆ. ಆ ಕೆಟ್ಟ ಕೆಲಸ ನಮ್ಮದು, ಕೂಲಿಕಾರರ ಸಂಘದವರದು. ಬೇಲಿಯ ಸುದ್ದಿ ಬಂದಾಗ ನಾವು ಸಭೆ ಮಾಡಿ, ಮೇಜು ಗುದ್ದಿ, ಮೂರು ದಿನ ಮುಷ್ಕರ ಸಾರಿದೆವು. ಯಾರೂ ಕಟ್ಟೆಗೆ ಬರಕೂಡದು, ಮನೆಯಲ್ಲೇ ಇರಿ, ಕೈ ಇಲ್ಲದೆ ಊರು ಹೇಗೆ ನಡೆಯುತ್ತದೆ ನೋಡಲಿ ಎಂದೆವು. ಊರು ಚೆನ್ನಾಗಿಯೇ ನಡೆಯಿತು. ಅದೇ ಮೂರು ದಿನ ಅಳತೆಯ ಅಧಿಕಾರಿ ಬಂದು ಖಾಲಿ ಕಟ್ಟೆಯ ಫೋಟೋ ತೆಗೆದುಕೊಂಡ. ಕಟ್ಟೆ ಬೇಕು ಎಂದು ಹೋರಾಡಲು ಹೊರಟವರು, ಕಟ್ಟೆ ಯಾರಿಗೂ ಬೇಡ ಎಂಬುದಕ್ಕೆ ಸಾಕ್ಷಿ ತಯಾರಿಸಿ ಕೊಟ್ಟಿದ್ದೆವು. ಶತ್ರು ನಮಗೆ ಸಂಬಳ ಕೊಡಬೇಕಿತ್ತು.

"ಇದನ್ನ ಹೇಳಿಕೊಟ್ಟ ಮಹಾನುಭಾವ ಯಾರು?" ಎಂದು ಕರಣೆಯಕ್ಕ ಸಂಘದ ಕೋಣೆಗೆ ಬಂದು ಕೇಳಿದಳು. ನಾವು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದೆವು. "ಸರಿ. ಮುಂದಿನ ಸಲ ನನ್ನ ಕೇಳಿ."

ತೀರ್ಪು ಇನ್ನೂ ಆಗಿರಲಿಲ್ಲ. ಆಕ್ಷೇಪಣೆಗೆ ಒಂದು ತಿಂಗಳ ಗಡುವಿತ್ತು. ಕೇಳಿಕೊಂಡರೆ ಒಂದೇ ಒಂದು ಸಲ ಮರುಎಣಿಕೆ ಮಾಡುತ್ತಾರೆ; ನಾವು ಕೇಳಿಕೊಂಡೆವು. ನಿಯಮ ಇಷ್ಟು: ಮೂರು ಬೆಳಗು, ಏಳು ಗಂಟೆಗೆ, ಕೆಲಸಕ್ಕಾಗಿ ನಿಂತವರು ಪ್ರತಿದಿನವೂ ಮೂವತ್ತಕ್ಕೆ ಕಡಿಮೆಯಿರಬಾರದು. ಹಾಗಿದ್ದರೆ ಅದು ನಿತ್ಯಬಳಕೆಯ ಜಾಗ, ಬೇಲಿ ಹಾಕುವಂತಿಲ್ಲ. ಒಂದು ದಿನ ಒಬ್ಬ ಕಡಿಮೆಯಾದರೂ ಕಡತ ಮುಚ್ಚುತ್ತದೆ.

ಆ ದಿನಗಳಲ್ಲಿ ಅವಳ ಕೆಲಸ ಊರಿನ ಗ್ರಂಥಾಲಯದಲ್ಲಿತ್ತು. ಹಿಂದಿನ ಕೋಣೆಯ ಗೋಡೆಗೆ ನೆಲದಿಂದ ತೇವ ಏರಿ, ಗಾರೆ ಹಪ್ಪಳದಂತೆ ಎದ್ದಿತ್ತು. ಮೇಲಿನದನ್ನೆಲ್ಲ ಕೆರೆದು ಹೊಸದಾಗಿ ಬಳಿದಿದ್ದಳು. ಕೆಳಗಿನ ಎರಡಡಿ ಹಾಗೇ ಉಳಿದಿತ್ತು. ಅದನ್ನು ಕುಕ್ಕರಗಾಲಲ್ಲಿ ಕೂತು ಮಾಡಬೇಕು, ಅವಳ ಮಂಡಿ ಈಗ ಆ ಮಾತು ಕೇಳುತ್ತಿರಲಿಲ್ಲ.

ಗ್ರಂಥಪಾಲಕ ತೆಳ್ಳಗಿನ ಮನುಷ್ಯ, ಸದಾ ನೆಗಡಿ. ಒದ್ದೆಯಾಗಿ ಉಬ್ಬಿದ ಒಂದು ದಪ್ಪ ನಿಘಂಟನ್ನು ಕಿಟಕಿಯ ಬಿಸಿಲಿಗಿಟ್ಟು, ಹಾಳೆ ಹಾಳೆಯಾಗಿ ಬಿಡಿಸಿ ಒಣಗಿಸುತ್ತಿದ್ದ. ಯುರೋಪಿನ ಹತ್ತಾರು ಭಾಷೆಗಳ ಮಾತುಗಳು ಎಲ್ಲಿಂದ ಹುಟ್ಟಿದವೆಂದು ಹೇಳುವ ಪುಸ್ತಕ.

"ಸಾರ್, ಕೆಲಸ ಬಿಟ್ಟು ಕೂರೋದಕ್ಕೆ ಆ ಕಡೆಯವರು ಏನಂತಾರೆ ನೋಡಿ," ಎಂದಳು ಅವಳು, ಬಾಂಡ್ಲಿಯಲ್ಲಿ ಗಾರೆ ಕಲಸುತ್ತ. ಸಂಘದವರ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. "ಅವರೂ ನಮ್ಮ ಹಾಗೆ ಮನೆ ಸೇರ್ಕೊಂಡು ಕದ ಹಾಕ್ಕೊಳ್ತಿದ್ರಾ?"

ಅವನಿಗೆ ಖುಷಿಯಾಯಿತು. ವರ್ಷಕ್ಕೊಬ್ಬರು ಇಂಥ ಪ್ರಶ್ನೆ ಕೇಳಿದರೆ ಹೆಚ್ಚು. ಒದ್ದೆ ಹಾಳೆಗಳನ್ನು ಮೆಲ್ಲಗೆ ಸರಿಸಿ ಹುಡುಕಿದ.

"ಒಂದೊಂದು ಕಡೆ ಒಂದೊಂದು. ಸ್ಪೇನಿನವರದ್ದು ನೋಡಿ, ಅದರ ಬೇರು ಏದುಸಿರಿನಲ್ಲಿದೆ. ಮೊದಲು ಕಮ್ಮಾರನ ತಿದಿಯ ಹಾಗೆ ಉಸಿರಾಡೋದು, ಆಮೇಲೆ ಸುಧಾರಿಸ್ಕೊಳ್ಳೋದು, ಆಮೇಲೆ ಕೆಲಸ ನಿಲ್ಲಿಸೋದು."

"ಅದು ಸರಿಯಾಗಿದೆ. ಮುಂದೆ."

"ಫ್ರೆಂಚಿನಲ್ಲಿ ಗ್ರೇವ್. ಪೋರ್ಚುಗೀಸರು ಅದನ್ನೇ ತಗೊಂಡರು, ರುಮೇನಿಯಾದವರು ತಗೊಂಡರು, ಅಲ್ಬೇನಿಯಾದವರು ತಗೊಂಡರು. ತುರ್ಕಿಯವರೂ ಬಿಡಲಿಲ್ಲ. ಉಚ್ಚಾರ ಚೂರು ಆಚೀಚೆ, ಮಾತು ಒಂದೇ."

"ಅಂದ್ರೆ ಏನು, ಗ್ರೇವ್?"

"ಜಲ್ಲಿ," ಎಂದ ಗ್ರಂಥಪಾಲಕ. "ನದೀ ದಂಡೆಯ ಮರಳು, ಜಲ್ಲಿ. ಲ್ಯಾಟಿನ್ನಿಗಿಂತ ಮುಂಚೆ ಆ ಸೀಮೆಯಲ್ಲಿದ್ದ ಜನರ ಮಾತು ಇರಬಹುದಂತೆ. ರಸ್ತೆಗೆ ಹಾಕೋ ಗ್ರ್ಯಾವೆಲ್ ಅಂತೀವಲ್ಲ, ಅದೂ ಇದೇ ಮನೆತನ."

ಅವಳ ಕೈ ನಿಂತಿತು. ಗಾರೆ ಕಲಸುವಾಗ ಅವಳ ಕೈ ನಿಂತದ್ದನ್ನು ಕಂಡವರು ಕಡಿಮೆ.

"ಜಲ್ಲಿಗೂ ಕೆಲಸ ಬಿಡೋದಕ್ಕೂ ಏನು ಸಂಬಂಧ?"

ಅವನು ಓದಿ ಓದಿ ಹೇಳಿದ. ಪ್ಯಾರಿಸ್ಸಿನಲ್ಲಿ ನದಿಯ ಪಕ್ಕ ಅಂಥ ದಂಡೆಯೊಂದಿತ್ತು. ದೋಣಿಗಳು ಅಲ್ಲಿಗೆ ಮರಮುಟ್ಟು, ಧಾನ್ಯ ತಂದು ಇಳಿಸುತ್ತಿದ್ದವು. ಇಳಿಸುವ ಕೆಲಸ ಸಿಕ್ಕೀತೆಂದು ಜನ ಅಲ್ಲಿ ನಿಲ್ಲುತ್ತಿದ್ದರು. ದಂಡೆಯ ಪಕ್ಕದ ಚೌಕಕ್ಕೂ ಅದೇ ಹೆಸರಾಯಿತು. ಗ್ರೇವಿನಲ್ಲಿರುವುದು ಎಂದರೆ ಮೊದಮೊದಲು ಕೆಲಸವಿಲ್ಲದೆ, ಕರೆಯುವವರಿಗಾಗಿ ಕಾಯುವುದು. ಬರಬರುತ್ತ, ಯಜಮಾನನ ಮೇಲೆ ಮುನಿದು ಕೆಲಸ ಬಿಟ್ಟವರೂ ಅಲ್ಲಿಗೇ ಬಂದು ನಿಂತರು. ಕೇಳುವ ಮಾತು ಒಲ್ಲೆನೆಂಬ ಮಾತಾಯಿತು.

"ಒಂದೇ ದಿನದಲ್ಲಾ?"

"ಛೆ, ಇಲ್ಲ. ಎಷ್ಟೋ ವರ್ಷ ಹಿಡೀತು."

"ಹಾಗೆ ಹೇಳಿ. ಭಾಷಣದೋರ ಹಾಗೆ ಒಂದೇ ಬೆಳಿಗ್ಗೆ ಎಲ್ಲಾ ಎದ್ದು ನಿಂತ್ರು ಅಂದಿದ್ರೆ ನಾನು ನಂಬ್ತಿರಲಿಲ್ಲ." ಅವಳು ಕರಣೆಯನ್ನು ಬಾಂಡ್ಲಿಯ ಅಂಚಿಗೆ ಒರೆಸಿದಳು. "ಕೆಲಸ ಬಿಟ್ಟೋರು ಮನೆಗೆ ಹೋಗಲಿಲ್ಲ, ಆ ದಂಡೆಗೇ ಬಂದು ನಿಂತ್ರು. ಅಲ್ವಾ? ಸರಿಯಾಗಿ ನೋಡಿ ಹೇಳಿ, ಇದು ಮುಖ್ಯ."

ಅವನು ಸರಿಯಾಗಿ ನೋಡಿದ. "ಹೌದು. ಅಲ್ಲಿಗೇ ಹೋಗ್ತಿದ್ದರು, ಬೇರೆ ಒಳ್ಳೆ ಕೆಲಸ ಸಿಗಲಿ ಅಂತ. ಇನ್ನೊಂದು ವಿಷಯ, ಊರಿನ ಅಪರಾಧಿಗಳನ್ನ ನೇಣು ಹಾಕ್ತಿದ್ದದ್ದೂ ಅದೇ ಚೌಕದಲ್ಲಿ."

"ಬೇರೆ ಜಾಗ ಹುಡುಕೋ ಖರ್ಚು ಉಳೀತು," ಎಂದಳು. "ನಿಂತು ನೋಡೋರು ಹೇಗೂ ಇದ್ರಲ್ಲ. ಈಗ ಆ ದಂಡೆ ಇದೆಯಾ?"

"ಚೌಕ ಇದೆ. ಹೆಸರು ಬದಲಾಯಿಸಿ ಇನ್ನೂರು ವರ್ಷ ದಾಟಿತು. ಆದರೆ ನೋಡಿ ಅಕ್ಕಾ, ನಕ್ಷೆಯಿಂದ ಹೆಸರು ಅಳಿಸಿದರೂ ಮಾತು ಐದಾರು ದೇಶ ಸುತ್ತಿಬಂತು. ಎಂಥ ಗೆಲುವು ಅದು."

"ಗೆಲುವಾ? ಜಾಗ ಹೋಯ್ತಲ್ಲ ಸಾರ್. ಮಾತಿಟ್ಕೊಂಡು ನಾನೇನು ಅದರ ಮೇಲೆ ಕೂರಲಾ?"

ಗ್ರಂಥಪಾಲಕ ಮೂಗು ಒರೆಸಿಕೊಂಡ. ನಿಘಂಟಿನ ಇನ್ನೊಂದು ಒದ್ದೆ ಹಾಳೆ ಬಿಡಿಸಿ ಬಿಸಿಲಿಗೆ ಹರಡಿದ.

ಆದರೂ ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಮಾತಿನ ವಂಶಾವಳಿಯಲ್ಲ, ನಿಲ್ಲುವ ಜಾಗ. ನಮ್ಮ ಮುಷ್ಕರ ಎಂಬ ಮಾತಿಗೆ ಹಿಂದೆ ಹಟ ಎಂದಷ್ಟೇ ಅರ್ಥವಿತ್ತು. ಹಟವನ್ನು ಮನೆಯೊಳಗೂ ಮಾಡಬಹುದು. ಅವರ ಮಾತಿನಲ್ಲಿ ಕಾಲಿನ ಕೆಳಗೆ ಜಲ್ಲಿ ಇತ್ತು. ಅಂದು ಸಂಜೆ ಅವಳು ಸಂಘದ ಕೋಣೆಗೆ ಬಂದು, ನಾವು ಬರೆದಿಟ್ಟಿದ್ದ ಮೆರವಣಿಗೆಯ ಯೋಜನೆಯನ್ನು ಮಡಿಸಿ ಪಕ್ಕಕ್ಕಿಟ್ಟು, ತನ್ನದನ್ನು ಹೇಳಿದಳು.

"ಎಣಿಸೋನು ಬರೋದು ಏಳಕ್ಕೆ. ನಮ್ಮನ್ನ ಕರೆಯೋರು ಬರೋದು ಐದೂವರೆಗೆ. ಮಾಮೂಲಿ ದಿನವೇ ಆದ್ರೂ ಏಳಕ್ಕೆ ಕಟ್ಟೆ ಮೇಲೆ ಹತ್ತು ಜನ ಇರಲ್ಲ, ಎಲ್ಲಾ ಹೋಗಿರ್ತೀವಿ. ಕೆಲಸ ಚೆನ್ನಾಗಿ ಸಿಕ್ಕಷ್ಟೂ ಕಟ್ಟೆ ಖಾಲಿ. ಅದಕ್ಕೆ ಮೂರು ದಿನ ಯಾರು ಕರೆದ್ರೂ ಹೋಗೋ ಹಾಗಿಲ್ಲ. ಮನೇಲೂ ಇರೋ ಹಾಗಿಲ್ಲ. ಐದಕ್ಕೆ ಬರಬೇಕು, ಹತ್ಯಾರು ಇಡಬೇಕು, ಹಿಡಿ ನದಿ ಕಡೆ ಮಾಡಬೇಕು, ಏಳೂವರೆ ತನಕ ಅಲ್ಲಾಡಬಾರದು."

"ಕೆಲಸಕ್ಕೆ ನಿಂತಿದ್ದೀವಿ ಅಂತ ತೋರಿಸೋಕೆ ಕೆಲಸ ಒಲ್ಲೆ ಅನ್ನಬೇಕು," ಎಂದ ಹಾರೆಮಾವ. "ಇದು ನನ್ನ ಪಾಲಿನ ತಲೆಗೆ ಹೋಗ್ತಿಲ್ಲ."

"ನಿನ್ನ ಬೆನ್ನಿಗೆ ಹೋದ್ರೆ ಸಾಕು ಮಾವ. ತಿರುಗಿ ಕೂತ್ಕೋ."

ಮೊದಲನೆಯ ಬೆಳಿಗ್ಗೆ ನಲವತ್ತನಾಲ್ಕು ಜನ. ಕರೆಯಲು ಬಂದವರು ಮೊನೆಗಳ ಸಾಲು ನೋಡಿ ತಬ್ಬಿಬ್ಬಾದರು. ಯಾರ ಮೇಲೆ ಸಿಟ್ಟು, ನಾವೇನು ಮಾಡಿದೆವು ಎಂದರು. ನಿಮ್ಮ ಮೇಲಲ್ಲ, ಏಳೂವರೆಗೆ ಬನ್ನಿ ಎಂದಳು ಅಕ್ಕ. ಕೆಲವರು ಕಾದರು, ಕೆಲವರು ಬೈದುಕೊಂಡು ಹೋದರು. ಏಳಕ್ಕೆ ಅಧಿಕಾರಿ ಬಂದ. ಚಿಕ್ಕ ಪ್ರಾಯದವನು, ಇಸ್ತ್ರಿ ಅಂಗಿ. ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಫಾರಂ. ಪ್ರತಿಯೊಬ್ಬರ ಮುಂದೆ ನಿಂತು, "ಕೆಲಸಕ್ಕಾಗಿ ನಿಂತಿದ್ದೀರಾ?" ಎಂದು ಕೇಳಿ ಗೀಟು ಹಾಕಿದ. ಹಾರೆಮಾವನ ಬೆನ್ನಿಗೂ ಅದನ್ನೇ ಕೇಳಿದ.

"ಪೂರ್ತಿ ಬರ್ಕೊಳ್ಳಿ ಸ್ವಾಮಿ," ಎಂದಿತು ಬೆನ್ನು. "ಹೋದ ಸಲ ಮೂರರಲ್ಲಿ ಎರಡು ಪಾಲು ಮನೇಲೇ ಬಿಟ್ಟುಬಂದಿದ್ದೆ."

ಎರಡನೆಯ ದಿನ ಮೂವತ್ತಮೂರು. ಕಡಿಮೆಯಾದವರಲ್ಲಿ ಇಬ್ಬರಿಗೆ ಜ್ವರ. ಒಂಬತ್ತು ಜನ ಸೇತುವೆಯ ಆ ತುದಿಯಲ್ಲಿ, ಕಟ್ಟೆಗೆ ಕಾಣದ ಹಾಗೆ, ದೊಡ್ಡ ಗುತ್ತಿಗೆದಾರನ ಲಾರಿ ಹತ್ತಿಕೊಂಡಿದ್ದರು. ಮರುಎಣಿಕೆಯ ಸುದ್ದಿ ಅವನಿಗೆ ಮುಟ್ಟಿತ್ತು. ನಮ್ಮವರೊಬ್ಬರು ಹತ್ತಿದವರನ್ನು ದ್ರೋಹಿಗಳೆಂದು ಬೈಯತೊಡಗಿದರು.

"ಬಾಯ್ಮುಚ್ಚಿ," ಎಂದಳು ಅಕ್ಕ. "ಅವರ ಮನೆ ಒಲೆ ನೀವು ಹಚ್ತೀರಾ? ಇಲ್ಲ ತಾನೆ. ನಾಳೆ ಬರೋರ ಮನೆಗೆ ಇವತ್ತು ಹೋಗಿ ಮಾತಾಡಿ ಬನ್ನಿ, ಅದು ಕೆಲಸ."

ಮೂವತ್ತನಾಲ್ಕು ಮನೆ ಹತ್ತಿ ಇಳಿದೆವು. ಮೂವತ್ತೊಂದು ಮಂದಿ ಬರುತ್ತೇವೆ ಎಂದರು.

ಅವತ್ತು ರಾತ್ರಿ ಊಟವಾದ ಮೇಲೆ ತಂಗಿ ಕೇಳಿದಳಂತೆ, "ಮೂವತ್ತೊಂದಾ? ಒಬ್ಬರೇ ಹೆಚ್ಚಿಗೆ ಇಟ್ಕೊಂಡು ಗೋಡೆ ಕಟ್ಟೋರು ಯಾರಕ್ಕ? ಇಟ್ಟಿಗೆಯನ್ನಾದ್ರೂ ಹತ್ತು ಹೆಚ್ಚಿಗೆ ತರಿಸ್ತಾರೆ."

"ಇರೋ ಇಟ್ಟಿಗೆ ಇಷ್ಟೇ. ಬಟನ್ ಹೊಲಿ."

ತಂಗಿ ಬಿದ್ದ ಮೇಲೆ ಅಂಗಡಿಯವರ ಅಂಗಿಗಳಿಗೆ ಕಾಜಾ ಹೊಲಿದು ಬಟನ್ ಹಾಕುತ್ತಾಳೆ. ಹತ್ತೊಂಬತ್ತು ವರ್ಷದಿಂದ ಅವಳು ಕಟ್ಟೆಯ ಕಡೆ ಕಾಲಿಟ್ಟಿರಲಿಲ್ಲ.

ಮೂರನೆಯ ಬೆಳಿಗ್ಗೆ ದೊಡ್ಡ ಗುತ್ತಿಗೆದಾರ ಖುದ್ದಾಗಿ ಬಂದ. ಆರು ಗಂಟೆ. ಬೇರೆ ಯಾರನ್ನೂ ನೋಡದೆ ನೇರ ಕರಣೆಯಕ್ಕನ ಎದುರಿಗೆ ನಿಂತ.

"ಅಕ್ಕಾ, ನಿಮ್ಮ ಕೈಕೆಲಸ ನಾನು ನೋಡಿದ್ದೀನಿ. ಈ ವಾಯುವಿಹಾರಕ್ಕೆ ಉದ್ದಕ್ಕೂ ಗೋಡೆ ಬರುತ್ತೆ. ಆರು ತಿಂಗಳ ಗಾರೆ ಕೆಲಸ. ಮೇಲ್ವಿಚಾರಣೆ ನಿಮ್ಮದೇ. ವಯಸ್ಸಿನ ಮಾತು ನಾನು ಎತ್ತಲ್ಲ."

"ನದಿ ಕಡೆ ಮುಖದ ಗೋಡೆಯಾ?"

"ಹೌದು. ನೂರಿಪ್ಪತ್ತು ಅಡಿ."

ಅಷ್ಟುದ್ದದ ಗೋಡೆ, ನದಿಯ ಬೆಳಕು ಬೀಳುವ ಮುಖ, ಒಂದೇ ಕೈಯ ಕೆಲಸ. ಗಾರೆಯವಳೊಬ್ಬಳಿಗೆ ಅದರರ್ಥವೇನೆಂದು ಅವಳ ಪಕ್ಕದಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳು ಆಮೇಲೊಂದು ದಿನ ನಮಗೆ ಹೇಳಿದಳು, ಆ ಹೊತ್ತಿನಲ್ಲಿ ಗೋಡೆ ತನಗೆ ಕಾಣಿಸಿಯೇಬಿಟ್ಟಿತ್ತು, ಮೂಲೆಗಳನ್ನು ಹೇಗೆ ತಿದ್ದಬೇಕೆಂದೂ ಯೋಚಿಸಿದ್ದೆ ಎಂದು.

"ಒಳ್ಳೆ ಗೋಡೆ," ಎಂದಳು. "ನಾನಾಗಿದ್ರೆ ಅದನ್ನ ಈ ಕಟ್ಟೆಯಿಂದ ಇಪ್ಪತ್ತಡಿ ಆಚೆ ಕಟ್ತಿದ್ದೆ. ಹಾಗೆ ಕಟ್ಟೋ ದಿನ ಬಂದು ಕರೀರಿ." ಕರಣೆಯ ಹಿಡಿ ಆಗಲೇ ನದಿಯ ಕಡೆಗಿತ್ತು. ಅದನ್ನು ಇನ್ನಷ್ಟು ನೆಟ್ಟಗೆ ಮಾಡಿ ಇಟ್ಟಳು.

ಅವನು ಅವಳನ್ನು ಬಿಟ್ಟು ಸಾಲಿನ ಉಳಿದವರ ಕಡೆ ತಿರುಗಿದ. ಒಂದು ತಿಂಗಳ ಕೆಲಸ, ಈಗ ಎದ್ದು ಬಂದವರಿಗೆ ಮಾತ್ರ. ಇಬ್ಬರು ಎದ್ದರು. ಒಬ್ಬನ ಹೆಂಡತಿಗೆ ಹೆರಿಗೆ ಹತ್ತಿರವಿತ್ತು. ಇನ್ನೊಬ್ಬ ಕಾರಣ ಹೇಳಲಿಲ್ಲ, ನಾವು ಕೇಳಲಿಲ್ಲ. ಲಾರಿ ಹೋಯಿತು. ಕಟ್ಟೆಯ ಮೇಲಿನ ಹತ್ಯಾರುಗಳನ್ನು ಎಣಿಸಿದೆವು. ಇಪ್ಪತ್ತೊಂಬತ್ತು. ಮತ್ತೆ ಎಣಿಸಿದೆವು, ಹೆಚ್ಚಾಗಲಿಲ್ಲ. ನಮ್ಮವರೊಬ್ಬರು ತಾನೇ ಒಂದು ಸಲಿಕೆ ಹಿಡಿದು ಸಾಲಿನಲ್ಲಿ ನಿಲ್ಲುವೆನೆಂದರು.

"ನಿಮ್ಮ ಅಂಗೈ ತೋರಿಸಿ," ಎಂದಳು ಅಕ್ಕ. ತೋರಿಸಿದರು. "ಇದನ್ನ ನೋಡಿ ಆ ಹುಡುಗ ನಗ್ತಾನೆ. ಸುಳ್ಳು ಬೇಡ. ಒಂದು ಸುಳ್ಳು ಸಿಕ್ಕಿದ್ರೆ ಇಪ್ಪತ್ತೊಂಬತ್ತೂ ಸುಳ್ಳು ಅಂತಾರೆ."

ಏಳಕ್ಕೆ ಹತ್ತು ನಿಮಿಷವಿರುವಾಗ ಸೇತುವೆಯ ಮೇಲೆ ಊರುಗೋಲಿನ ಸದ್ದು ಕೇಳಿಸಿತು. ತಂಗಿ. ಹೆಗಲಿಗೆ ಬಟನ್ನಿನ ಚೀಲ. ಕಟ್ಟೆ ತಲುಪುವಷ್ಟರಲ್ಲಿ ಮೈಯೆಲ್ಲ ಬೆವರು. ಚೀಲದಿಂದ ತನ್ನ ಹಳೇ ಕರಣೆ ತೆಗೆದು ಸಾಲಿನ ಕೊನೆಗಿಟ್ಟಳು. ಹಿಡಿ ರಸ್ತೆಯ ಕಡೆಗೆ. ತಗಡಿಗೆ ತುಕ್ಕು ಹಿಡಿದಿತ್ತು, ಅಂಚನ್ನು ಮಾತ್ರ ಯಾರೋ ಆಗತಾನೆ ಉಜ್ಜಿದ್ದರು.

"ನೀನ್ಯಾಕೆ ಬಂದೆ?"

"ಯಾಕೆ, ಕಟ್ಟೆ ನಿನ್ನೊಬ್ಬಳದಾ?"

"ಲೆಕ್ಕ ತುಂಬೋಕೆ ಬರಬೇಡ. ಕೆಲಸಕ್ಕೆ ಬಂದೋರನ್ನ ಮಾತ್ರ ಎಣಿಸ್ತಾರೆ. ನಾನು ಸುಳ್ಳು ಹೇಳಲ್ಲ."

"ನಾನೂ ಕೆಲಸಕ್ಕೇ ಬಂದಿದ್ದು. ಮೂರು ವಾರದಿಂದ ಗ್ರಂಥಾಲಯದ ಗೋಡೆ ಕೆಳಗಿನ ಎರಡಡಿ ಹಾಗೇ ಬಿಟ್ಟಿದ್ದೀಯ. ಮಂಡಿ ನೋವು ಅಂತ ದಿನಾ ರಾತ್ರಿ ನನ್ನ ಹತ್ರ ಎಣ್ಣೆ ಹಚ್ಚಿಸ್ಕೊಳ್ತೀಯ. ಅದು ಕೂತು ಮಾಡೋ ಕೆಲಸ. ನಾನು ಹೇಗಿದ್ರೂ ಕೂತೇ ಇರ್ತೀನಿ."

ಕರಣೆಯಕ್ಕ ತಂಗಿಯ ಕೈ ಹಿಡಿದು ಮಣಿಕಟ್ಟನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ ನೋಡಿದಳು, ಗೋಡೆಯ ಮಟ್ಟ ನೋಡುವ ರಸಮಟ್ಟವನ್ನು ಅಂಗಡಿಯಲ್ಲಿ ಪರೀಕ್ಷಿಸುವ ಹಾಗೆ. ಹತ್ತೊಂಬತ್ತು ವರ್ಷ ಸೂಜಿ ಹಿಡಿದ ಕೈ, ನಡುಕವಿರಲಿಲ್ಲ.

"ಮೊದಲ ಪದರ ತೆಳ್ಳಗೆ ಎಳೀಬೇಕು. ನಿನಗೆ ದಪ್ಪಗೆ ಮೆತ್ತೋ ಚಟ."

"ನಿನಗೆ ಮಾತಿನ ಚಟ. ಕೆಲಸ ಕೊಡ್ತೀಯೋ ಇಲ್ವೋ?"

"ಕೊಟ್ಟೆ. ಇವತ್ತಿಂದಲೇ. ಏಳು, ಹೋಗೋಣ."

ತಂಗಿ ಕಟ್ಟೆಯ ಮೇಲಿದ್ದ ಕರಣೆಯನ್ನು ಎತ್ತಿಕೊಳ್ಳಲಿಲ್ಲ. ಅದನ್ನು ತಿರುಗಿಸಿ, ಹಿಡಿ ನದಿಯ ಕಡೆಗೆ ಮಾಡಿ ಇಟ್ಟಳು.

"ಏಳೂವರೆ ತನಕ ಒಲ್ಲೆ," ಎಂದಳು.

ಹಾರೆಮಾವ ನಕ್ಕ ನಗೆಗೆ ಸೇತುವೆಯ ಕೆಳಗಿದ್ದ ಪಾರಿವಾಳಗಳು ಎದ್ದವು.

ಅಧಿಕಾರಿ ಒಬ್ಬೊಬ್ಬರನ್ನೇ ಕೇಳುತ್ತ, ಗೀಟು ಹಾಕುತ್ತ ಸಾಲಿನ ಕೊನೆಗೆ ಬಂದ. ಊರುಗೋಲು ನೋಡಿದ, ತುಕ್ಕು ನೋಡಿದ.

"ನೀವು ಕೆಲಸಕ್ಕಾಗಿ ನಿಂತಿದ್ದೀರಾ?"

"ನಿಂತಿಲ್ಲ, ಕೂತಿದ್ದೀನಿ. ಕೆಲಸ ಸಿಕ್ಕಿತು. ಗ್ರಂಥಾಲಯದ ಗೋಡೆ, ಎರಡಡಿ ಎತ್ತರ, ಹದಿನೆಂಟಡಿ ಉದ್ದ. ಕರೆದೋಳು ಇವಳು, ನಮ್ಮಕ್ಕ. ಬೇಕಾದ್ರೆ ಎಂಟು ಗಂಟೆಗೆ ಅಲ್ಲಿಗೆ ಬಂದು ನೋಡಿ."

"ಸಿಕ್ಕಿದ ಮೇಲೆ ಯಾಕೆ ಹೋಗಲಿಲ್ಲ?"

"ಇಷ್ಟ ಇರಲಿಲ್ಲ."

ಅವನು ಫಾರಂ ನೋಡಿದ. ಮೂರು ದಿನದಿಂದ ಅವನ ತಲೆಯನ್ನು ಏನೋ ಕೊರೆಯುತ್ತಿತ್ತೆಂದು ಕಾಣುತ್ತದೆ. ಗೀಟು ಹಾಕಿ ಕರಣೆಯಕ್ಕನ ಕಡೆ ತಿರುಗಿದ. "ಮೂವತ್ತು. ಆದರೆ ಇಲ್ಲಿ ಒಂದು ಕಾಲಂ ಇದೆ, ಜಾಗದ ಬಳಕೆ ಅಂತ. ಕೆಲಸ ಕೇಳೋ ಜಾಗ ಅಂತ ಬರೆಯೋಣ ಅಂದರೆ, ಮೂರು ದಿನವೂ ನೀವು ಕರೆದೋರಿಗೆಲ್ಲ ಬೇಡ ಅಂದಿರಿ. ನಾನೇನು ಬರೀಲಿ?"

ನಾವು ಸಂಘದವರು ಬಾಯಿ ತೆರೆದೆವು. ಅವಳು ಕೈ ಎತ್ತಿದಳು.

"ಎರಡನ್ನೂ ಬರೀರಿ. ಕೆಲಸ ಕೇಳೋದು, ಬೇಡ ಅನ್ನೋದು. ಬೇಡ ಅನ್ನೋಕೆ ಆಗದ ಕಡೆ ಕೇಳೋದಕ್ಕೆ ಬೇರೆ ಹೆಸರಿದೆ. ಆ ಗೋದಾಮಿಗೆ ಅದನ್ನ ಬರ್ಕೊಳ್ಳಿ."

ಅವನು ಬರೆದ. ಕಾಲಂ ಚಿಕ್ಕದು, ಅಕ್ಷರಗಳು ಅಂಚು ದಾಟಿದವು.

ಬೇಲಿ ಬಂತು. ಹಾದಿಯೂ ಹೂಕುಂಡಗಳೂ ಬಂದವು. ಎಲ್ಲವೂ ಕಟ್ಟೆಯಿಂದ ಇಪ್ಪತ್ತೆರಡಡಿ ಆಚೆ. ನದಿಯ ಕಡೆಯ ಗೋಡೆಗೆ ದೊಡ್ಡ ಗುತ್ತಿಗೆದಾರ ಕರೆಯಲು ಬರಲಿಲ್ಲ, ಬೇರೆಯವರಿಂದ ಮಾಡಿಸಿದ. ಅಕ್ಕ ಒಮ್ಮೆ ಹೋಗಿ ಸವರಿ ಬಂದಳು. ಮೂರು ಕಡೆ ಟೊಳ್ಳು ಎಂದಳು. ನಕ್ಷೆಯಲ್ಲಿ ಈಗ ಕಟ್ಟೆಗೆ ಒಂದು ಗೆರೆಯಿದೆ, ನಂಬರಿದೆ. ಗೋದಾಮಿನ ಕೋಣೆಯೂ ತೆರೆದೇ ಇದೆ; ಅಲ್ಲಿಗೆ ಹೋಗುವವರು ಹೋಗುತ್ತಾರೆ, ಅಲ್ಲಿ ಹೆಸರು ಹೊಡೆಸಿಕೊಂಡವರು ಇಲ್ಲಿಗೆ ಬರುತ್ತಾರೆ. ಬೇಲಿಯನ್ನು ಹತ್ತಿರಕ್ಕೆ ಸರಿಸುವ ಮಾತು ಮತ್ತೆ ಬರುತ್ತದೆಂದು ಅವಳಿಗೆ ಗೊತ್ತಿದೆ. ಅದಕ್ಕೇ ತಿಂಗಳಿಗೆ ಒಂದು ಬೆಳಿಗ್ಗೆ ಎಲ್ಲರೂ ಏಳೂವರೆಯ ತನಕ ಕೂರಬೇಕೆಂದು ಕಟ್ಟು ಮಾಡಿದ್ದಾಳೆ. ರೂಢಿ ತಪ್ಪಬಾರದಂತೆ.

ಮರುಎಣಿಕೆಯ ಮೂರನೆಯ ದಿನ ಎಂಟು ಗಂಟೆಗೆ ಆ ಅಧಿಕಾರಿ ನಿಜವಾಗಿಯೂ ಗ್ರಂಥಾಲಯಕ್ಕೆ ಹೋಗಿ ನೋಡಿದ. ತಂಗಿ ಗೋಣಿಚೀಲದ ಮೇಲೆ ಕಾಲು ಚಾಚಿ ಕೂತು, ಗೋಡೆಯ ಬುಡದಲ್ಲಿ ಮೊದಲ ಪದರ ಎಳೆಯುತ್ತಿದ್ದಳು. ಪಕ್ಕದಲ್ಲಿ ಅಕ್ಕ ಬಾಂಡ್ಲಿ ಹಿಡಿದು ನಿಂತಿದ್ದಳು.

"ಗಾರೆ ನೀರಾಗಿದೆ," ಎಂದಳು ತಂಗಿ, ತಲೆಯೆತ್ತದೆ. "ಮತ್ತೆ ಕಲಸ್ಕೊಂಡು ಬಾ."

ಅಕ್ಕ ಕಲಸಲು ಹೋದಳು.